ಮನೆಯಲ್ಲೂ ಹೇಳದ ಜಾಗ

ಹರಿಹರ, ಫೆಬ್ರವರಿ ಮೂವತ್ತು, 2214

ಪೂಜ್ಯ ಓಂಕಾರಪ್ಪಜ್ಜನವರಿಗೆ, ನಿಮ್ಮ ವಂಶದ ಸೊಸೆ ಗಂಗಾಂಬಿಕೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಯಾಕೆ ಕೊಟ್ಟರೆಂದು ವಿಚಾರಿಸುವ ಚೈತನ್ಯ ನನಗೀಗ ಇಲ್ಲ. ನಿಮಗೆ ಗೊತ್ತಿಲ್ಲದ ಪದಗಳು ನಡುನಡುವೆ ಬರುತ್ತವೆ, ಕ್ಷಮಿಸಬೇಕು. ಬರೆಯುತ್ತಿರುವುದು ನಿಮ್ಮ ಭಾಷೆಯನ್ನೇ, ಆದರೆ ಮಧ್ಯದಲ್ಲಿ ಎಷ್ಟೋ ತಲೆಮಾರು ಅದನ್ನು ಬಳಸಿ ಸವೆಸಿವೆ. ನೀವು ಹೊಸ ಕಾರು ತಂದು ವಾರವಾಗುವ ಮೊದಲೇ ಕಳ್ಳರ ಭಯಕ್ಕೆ ಬಿದ್ದು, ಅದಕ್ಕೆ ಏನೇನು ಹಾಕಿಸಬಹುದೆಂದು ಕೇಳಲು ಪೇಟೆಯ ಅಂಗಡಿಗೆ ಹೊರಟಿರೆಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಹೊರಡುವ ಮುಂಚೆ ಇದನ್ನೊಂದು ಸಲ ಓದಿ.

ನೀವು ಅಲ್ಲಿ ಕೊಂಡ ಹಳದಿ ಕಬ್ಬಿಣದ ಸರಳು, ಸ್ಟೇರಿಂಗಿಗೆ ಅಡ್ಡ ಹಾಕಿ ಬೀಗ ಜಡಿಯುವಂಥದ್ದು, ಇನ್ನೂ ನಮ್ಮ ಹತ್ತಿರ ಇದೆ. ನಮ್ಮ ಗಾಡಿಗಳಿಗೆ ಸ್ಟೇರಿಂಗೇ ಇಲ್ಲ. ಆದರೂ ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ, ವರ್ಷವಿಡೀ ಗಾಡಿಯೊಳಗೆ ಇಟ್ಟುಕೊಂಡು ತಿರುಗುತ್ತೇವೆ. ಅದಿದ್ದರೆ ಕಳ್ಳ ಹತ್ತಿರ ಸುಳಿಯುವುದಿಲ್ಲವೆಂದು ನಮ್ಮತ್ತೆ ಹಾಲಮ್ಮನವರ ನಂಬಿಕೆ. ಒಂದು ಸಲ ನನ್ನ ಕಾಲ ಮೇಲೆ ಬಿದ್ದಿತ್ತು, ಅದರ ಭಾರವನ್ನು ಮಾತ್ರ ನಾನೂ ನಂಬುತ್ತೇನೆ.

ನಮ್ಮದು ಬಿಸಿಲುಗಾಡಿ. ಬೆಳಗ್ಗೆ ಅಂಗಳದಲ್ಲಿ ಅದರ ರೆಕ್ಕೆಗಳನ್ನು ಹಪ್ಪಳದ ಹಾಗೆ ಬಿಸಿಲಿಗೆ ಹರವಿಟ್ಟರೆ ಮಧ್ಯಾಹ್ನಕ್ಕೆ ಓಡಲು ತಯಾರು. ಓಡಿಸುವವರು ಬೇಕಿಲ್ಲ, ಕುಳಿತು ಊರಿನ ಹೆಸರು ಹೇಳಿದರೆ ತಾನೇ ಹೋಗುತ್ತದೆ. ಒಡೆಯನ ದನಿಗೆ ಮಾತ್ರ ಹೊರಡುವ ಹಾಗೆ ಕಂಪನಿಯವರೇ ಬೀಗ ಹಾಕಿ ಕೊಟ್ಟಿರುತ್ತಾರೆ. ಆದರೆ ನಮ್ಮ ಕಾಲದಲ್ಲಿ ದನಿ ಕದಿಯುವಷ್ಟು ಸುಲಭದ ಕೆಲಸ ಬೇರೆ ಇಲ್ಲ. ನಮ್ಮ ಯಜಮಾನರು ಕೊಟ್ರೇಶಪ್ಪ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದ್ದನ್ನು ಯಾರೋ ಹಿಡಿದಿಟ್ಟುಕೊಂಡು, ಅದೇ ದನಿಯಲ್ಲಿ ಗಾಡಿಯನ್ನು ಕರೆದರು. ಸೀಟಿನ ಮೇಲಿನ ಹಾಳೆ ಕೂಡ ತೆಗೆದಿರದ ಹೊಸ ಗಾಡಿ, ಸಾಕಿದ ಕರುವಿನ ಹಾಗೆ ಆ ಕಳ್ಳರ ಹಿಂದೆ ಹೋಗಿಬಿಟ್ಟಿತು. ಇವರು ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ.

ಎರಡನೆಯ ಗಾಡಿ ಮನೆಗೆ ಬರುವ ಮೊದಲೇ ಮೇಲ್ಕಾವಲಿನ ಅಂಗಡಿಗೆ ಹೋಯಿತು. ಕಂಪನಿ ಕೊಡದೆ, ನಾವೇ ಹೊರಗೆ ಹಾಕಿಸಿಕೊಳ್ಳುವ ಕಾವಲಿಗೆ ಹಾಗೆನ್ನುತ್ತೇವೆ. ಇವರು ದನಿಯ ಬೀಗ ಕೀಳಿಸಿದರು. ಗಾಡಿ ಎಲ್ಲಿದೆಯೆಂದು ತೋರಿಸುವ ಜಾಡುಮಣಿ ಹಾಕಿಸಿದರು. ಮುಟ್ಟಿದರೆ ಕಿರುಚುವ ಕೂಗುಪೆಟ್ಟಿಗೆಯೂ ಬಂತು. ಅದು ಕಳ್ಳರಿಗಿಂತ ಹೆಚ್ಚಾಗಿ ಕಾಗೆಗಳಿಗೆ, ಮೆಣಸಿನಕಾಯಿ ಒಣಗಿಸಲು ಹೋದ ನಮ್ಮತ್ತೆಗೆ ಕಿರುಚಿತು. ಎಲ್ಲಕ್ಕಿಂತ ಮೇಲಿನದು ತಡೆಗುಂಡಿ. ಕಡಲೆಕಾಳಿನಷ್ಟು ಸಣ್ಣದು. ಗಾಡಿಯೊಳಗೆ ಎಲ್ಲೋ ಅಡಗಿಸಿರುತ್ತಾರೆ, ಅದನ್ನು ಒತ್ತದ ಹೊರತು ಗಾಡಿ ಕದಲುವುದಿಲ್ಲ. ಜಾಗ ಮನೆಯಲ್ಲೂ ಹೇಳ್ಬೇಡಿ ಸಾರ್, ಹೆಂಗಸರ ಬಾಯಲ್ಲಿ ಮಾತು ನಿಲ್ಲಲ್ಲ ಅಂದನಂತೆ ಅಂಗಡಿಯವನು. ಈ ಮಾತು ಅವನೊಬ್ಬನದಲ್ಲ, ನಿಮಗೂ ಇದನ್ನೇ ಹೇಳಿದ್ದರಂತೆ, ನಮ್ಮ ಮನೆತನದ ಗಂಡಸರು ನಿಮ್ಮಿಂದಲೇ ಇದನ್ನು ಪಾಲಿಸಿಕೊಂಡು ಬಂದಿದ್ದಾರೆ. ನಾನೂ ಒಮ್ಮೆ ಕೇಳಿದೆ. ನಿದ್ದೇಲಿ ಮಾತಾಡೋಳು ನೀನು, ಬೇಡ ಬಿಡು ಎಂದು ನಕ್ಕರು. ಎಲ್ಲಿಗೆ ಹೊರಟರೂ ನನಗಿಂತ ಮೊದಲು ಹೋಗಿ, ನನ್ನ ಸೀಟಿನ ಧೂಳು ಒರೆಸಿ, ಏನೂ ಗೊತ್ತಿಲ್ಲದವರ ಹಾಗೆ ಕೂತಿರುತ್ತಿದ್ದರು. ಧೂಳು ಒರೆಸುವುದನ್ನು ನೋಡಿ ನನಗೆ ಒಳಗೊಳಗೇ ಹಿಗ್ಗು.

ಹೋದ ಕಾರ್ತಿಕದಲ್ಲಿ, ಮಟಮಟ ಮಧ್ಯಾಹ್ನ, ಊಟಕ್ಕೆ ಕೂತಿದ್ದವರ ಬಾಯಿ ಒಂದು ಕಡೆಗೆ ವಾಲಿತು. ಬಲಗೈ ತಟ್ಟೆಯಲ್ಲೇ ಬಿತ್ತು, ಮಾತು ನಿಂತಿತು. ಅತ್ತೆಯೂ ನಾನೂ ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಕೂರಿಸಿದೆವು. ಪಕ್ಕದಲ್ಲಿ ನನ್ನ ಸೀಟಿನಲ್ಲಿ ಕೂತು ದಾವಣಗೆರೆಯ ಆಸ್ಪತ್ರೆ ಎಂದೆ. ಗಾಡಿ ಬಹಳ ವಿನಯದಿಂದ, ಅಪ್ಪಣೆಗೆ ಕಾಯುತ್ತಿದ್ದೇನೆ ಎಂದಿತು. ಇವರ ಸೀಟಿನ ಕೆಳಗೆ ತಡಕಿದೆ, ಚಾಪೆ ಕಿತ್ತೆ, ಬಾಗಿಲ ಸಂದಿಗೆಲ್ಲ ಬೆರಳು ಹಾಕಿದೆ. ಅತ್ತೆ ನಿಮ್ಮ ಸರಳು ಹಿಡಿದು ಸಿಕ್ಕಲ್ಲೆಲ್ಲ ಕುಟ್ಟಿದರು. ಪಕ್ಕದ ಮನೆಯ ಪಂಪಾಪತಿ, ದೇವರಂಥ ಮನುಷ್ಯ, ನನ್ನ ಗಾಡಿ ತರ್ತೀನಿ ತಂಗಿ ಎಂದು ಓಡಿದ. ಅವನ ಮೇಲ್ಕಾವಲುಗಳನ್ನು ಅವನು ಒಂದೊಂದಾಗಿ ಬಿಚ್ಚುತ್ತಿದ್ದುದು ನನಗೆ ಕಾಣುತ್ತಿತ್ತು. ಸರ್ಕಾರದ ರೋಗಿಗಾಡಿ ಹೊರಟಿದೆ ಎಂದರು, ಬರಲಿಲ್ಲ. ಅಷ್ಟು ಹೊತ್ತೂ ಇವರು ಎಡಗೈಯಿಂದ ನನ್ನ ಮೊಣಕಾಲು ತಟ್ಟುತ್ತಲೇ ಇದ್ದರು. ಹೆದರಬೇಡ ಅನ್ನುತ್ತಿದ್ದಾರೆ ಅಂದುಕೊಂಡೆ. ಸಂಕಟ ತಡೆಯಲಾಗದೆ ಆ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಸುಮ್ಮನಾದರು. ಪಂಪಾಪತಿಯ ಗಾಡಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಗಾಡಿ ಅಂಗಳದಲ್ಲೇ ನಿಂತು ಧೂಳು ಹಿಡಿಯಿತು. ಮಾರೋಣವೆಂದರೂ ಕದಲಬೇಕಲ್ಲ. ಕೊನೆಗೆ ಪಂಪಾಪತಿಯೇ ಸಿದ್ದೇಶ ಎಂಬುವವನನ್ನು ಕರೆತಂದ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಹೆಸರಾಂತ ಗಾಡಿಕಳ್ಳ, ಈಗ ಮುದುಕ. ಅವನು ಏನನ್ನೂ ತಡಕಲಿಲ್ಲ. ನೇರವಾಗಿ ನನ್ನ ಸೀಟಿನ ಅಂಚಿಗೆ, ಮೊಣಕಾಲು ಮಡಚುವ ಜಾಗದ ಕೆಳಗೆ, ಬೆರಳು ಹಾಕಿ ಒತ್ತಿದ. ಗಂಡಸ್ರೆಲ್ಲ ಇಲ್ಲೇ ಇಡೋದಮ್ಮ, ಹೆಂಡ್ತಿ ಕೂರೋ ಕಡೆ, ನಮ್ಮೋರಿಗೆಲ್ಲ ಗೊತ್ತಿದ್ದಿದ್ದೇ ಅಂದ. ಎಲ್ಲಿಗೆ ಹೋಗಬೇಕು ಎಂದು ಗಾಡಿ ಕೇಳಿತು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅಜ್ಜಾ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಉಳಿದಿಲ್ಲ. ಕಷ್ಟಪಟ್ಟು ತಂದ ಗಾಡಿ, ಕಳ್ಳರಿಂದ ಕಾಪಾಡಿಕೊಳ್ಳಿ. ಸರಳೂ ಹಾಕಿ, ಕಿರುಚುವುದನ್ನೂ ಹಾಕಿಸಿ, ಗುಟ್ಟಿನ ಸ್ವಿಚ್ಚೂ ಇರಲಿ. ಮನೆಯಲ್ಲೂ ಹೇಳ್ಬೇಡಿ ಎಂದು ಅಂಗಡಿಯವನು ಅಂದಾಗ ಅವನ ಸಮಾಧಾನಕ್ಕೆ ಹೂಂ ಅನ್ನಿ. ಆಮೇಲೆ ಮನೆಗೆ ಬಂದು, ಅಜ್ಜಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕಾರಿನಲ್ಲಿ ಕೂರಿಸಿ, ಅವರ ಕೈ ಹಿಡಿದುಕೊಂಡು ಹೋಗಿ ಆ ಜಾಗದ ಮೇಲೆ ಇಡಿ. ಆ ಮಧ್ಯಾಹ್ನ ಮೊಣಕಾಲು ತಟ್ಟಿ ತಟ್ಟಿ ಇವರು ನನ್ನ ಕೈಯನ್ನು ಅಲ್ಲಿಗೇ ಕರೆಯುತ್ತಿದ್ದರು.

ಗಂಗಾಂಬಿಕೆ