ಕರಡಿಗೆ ಕೂಗಲು ಅನುಮತಿ ಕೊಡಿ

ಮನರಂಜನಾ ಸ್ಥಳಗಳ ಪರವಾನಗಿಗೆ ಸಹಿ ಹಾಕುವ ಮಾನ್ಯರೇ,

ನೀವು ಅನುಮತಿ ಕೊಟ್ಟಿರುವ ಕೌಟುಂಬಿಕ ರೆಸಾರ್ಟಿನಲ್ಲಿ, ಹಾಡಹಗಲೇ, ಮಕ್ಕಳ ಎದುರಿಗೇ, ಕುಡಿದ ಗಂಡಸರ ಗುಂಪೊಂದು ನನ್ನ ತಂಗಿಯ ಗಂಡನನ್ನು ಒದ್ದು ಅವನ ಎಡಗಣ್ಣು ಕಿತ್ತುಕೊಂಡಿತು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಯಾಕೆಂದರೆ ಅವನು ಕರಡಿಯ ವೇಷದಲ್ಲಿದ್ದ. ಈಗ ಅದೇ ರೆಸಾರ್ಟು ತನ್ನ ‘ದೊಡ್ಡವರ ಅಂಗಳ’ ಎಂಬ ಬಾರನ್ನು ಮಕ್ಕಳ ವೇದಿಕೆಯ ಸುತ್ತಲೂ ವಿಸ್ತರಿಸಲು ನಿಮ್ಮ ಒಪ್ಪಿಗೆ ಕೇಳಿದೆ. ಆಕ್ಷೇಪವಿದ್ದವರು ತಿಳಿಸಬಹುದೆಂದು ನಿಮ್ಮ ಕಚೇರಿ ದೊಡ್ಡ ಮನಸ್ಸು ಮಾಡಿ ಪ್ರಕಟಿಸಿದೆ. ನನಗೆ ಆಕ್ಷೇಪವಿದೆ.

ನಾನು ಕುಡಿತದ ವಿರೋಧಿಯಲ್ಲ. ಇಡೀ ದಿನ ಮಕ್ಕಳ ಹಿಂದೆ ಓಡಾಡುವ ತಂದೆತಾಯಿಗೂ ಒಂದು ಮೂಲೆ ಬೇಕು. ಅಲ್ಲಿ ಮಕ್ಕಳಿಗೆ ಪ್ರವೇಶವಿಲ್ಲದ ಈಜುಕೊಳವೊಂದಿದೆ. ಕೊಡೆಗಳ ನೆರಳು, ಒರಗುಕುರ್ಚಿ, ಪಿಸುಮಾತು. ನೌಕರರ ಮನೆಯವರಿಗೆ ಸಿಗುವ ಉಚಿತ ವಾಸ್ತವ್ಯದಲ್ಲಿ ನಾನೂ ಅಲ್ಲಿ ತಣ್ಣನೆಯ ಬಿಯರು ಪಕ್ಕದಲ್ಲಿಟ್ಟುಕೊಂಡು, ಯಾವುದೋ ದೂರದೇಶದ ಕಾದಂಬರಿಯ ಅನುವಾದ ಓದುತ್ತ ಸುಖವಾಗಿ ಕುಳಿತಿದ್ದೇನೆ. ಅದಕ್ಕೆ ಗೋಡೆಯಿದೆ, ಬಾಗಿಲಿದೆ. ನನ್ನ ತಕರಾರು ಗೋಡೆಯಿಲ್ಲದ ಇನ್ನೊಂದರ ಬಗ್ಗೆ.

ಆ ಬಾರು ವೇದಿಕೆಗೆ ಅಂಟಿಕೊಂಡೇ ಇದೆ. ಕರಡಿಯ ಕುಣಿತ ಮುಗಿಯುವ ತನಕ ಲೋಟ ಬರಿದಾದಂತೆಲ್ಲ ತುಂಬಿಕೊಡುತ್ತಾರೆ. ಪಕ್ಕದಲ್ಲೇ ಗುದ್ದುವ ಯಂತ್ರ. ತೂಗುಬಿಟ್ಟ ಚರ್ಮದ ಚೆಂಡಿಗೆ ಗುದ್ದಿದರೆ ನಿಮ್ಮ ತೋಳಿನ ಬಲ ಅಂಕಿಯಾಗಿ ಬೆಳಗುತ್ತದೆ. ಗಂಡಸರಿಗೆ ಕುಡಿಸಿ, ಗುದ್ದುವ ಹುರುಪು ಹತ್ತಿಸಿ, ಕೈಗೆಟಕುವಷ್ಟು ಹತ್ತಿರದಲ್ಲಿ ಮಾತಾಡಬಾರದ ಮನುಷ್ಯನೊಬ್ಬನನ್ನು ನಿಲ್ಲಿಸುವ ಈ ಯೋಜನೆ ಯಾರ ತಲೆಯಲ್ಲಿ ಹುಟ್ಟಿತೋ ಗೊತ್ತಿಲ್ಲ. ಒಪ್ಪಿದವರು ಯಾರೆಂದು ಗೊತ್ತಿದೆ.

ಕರಡಿಯ ತಲೆ ಎಂದರೆ ತಂತಿಯ ಚೌಕಟ್ಟು, ಅದರ ಮೇಲೆ ಸ್ಪಂಜು, ಅದರ ಮೇಲೆ ಕೂದಲು. ಒಳಗಿರುವವನು ನೋಡುವುದು ಬಾಯಿಯ ಜಾಲರಿಯಿಂದ. ಅಕ್ಕಪಕ್ಕ ಏನೂ ಕಾಣದು. ಹಾಗಾಗಿ ಒಬ್ಬ ಜತೆಗಾರ ಸದಾ ಪಕ್ಕದಲ್ಲಿರಬೇಕು. ಮಕ್ಕಳೆದುರು ಕರಡಿ ತಲೆ ತೆಗೆಯುವಂತಿಲ್ಲ, ದನಿ ಎತ್ತುವಂತಿಲ್ಲ. ತೊಂದರೆಯಾದರೆ ಎರಡೂ ಕೈ ತಲೆಯ ಮೇಲಿಡಬೇಕು; ಅದನ್ನು ಕಂಡು ಜತೆಗಾರ ಒಳಗೆ ಕರೆದೊಯ್ಯುತ್ತಾನೆ. ಆ ಮಧ್ಯಾಹ್ನ ನಾನು, ತಂಗಿ, ಅವಳ ಮಗಳು ಪ್ರೇಕ್ಷಕರ ಬೆಂಚಿನಲ್ಲಿದ್ದೆವು. ಬಾರಿನಲ್ಲಿ ನೂಕುನುಗ್ಗಲಿತ್ತು. ಜತೆಗಾರನನ್ನು ಲೋಟ ತುಂಬಲು ಕಳಿಸಿದ್ದರು. ಗುದ್ದುವ ಯಂತ್ರ ಕೆಟ್ಟು ನಿಂತಿತ್ತು.

"ಮಷಿನ್ ಕೆಟ್ರೆ ಏನೀಗ? ಕರಡಿ ಇದೆಯಲ್ಲೋ!" ಎಂದ ಒಬ್ಬ.

ಮೊದಲ ಗುದ್ದು ಹೊಟ್ಟೆಗೆ ಬಿತ್ತು. ಕರಡಿ ಮುಂದಕ್ಕೆ ಬಾಗಿದ್ದು ನಮಸ್ಕಾರದಂತೆ ಕಂಡು ಜನ ನಕ್ಕರು. ಇನ್ನೊಬ್ಬ ಓಡಿಬಂದು ಬೆನ್ನಿಗೆ ಒದ್ದ. "ನಂದೆಷ್ಟು ಪಾಯಿಂಟು?" "ಥೂ, ನಮ್ಮಜ್ಜಿ ಇದಕ್ಕಿಂತ ಜೋರಾಗಿ ಒದೀತಾಳೆ!" ಕರಡಿ ಎರಡೂ ಕೈಗಳನ್ನು ತಲೆಯ ಮೇಲಿಟ್ಟಿತು. ಮುಂದಿನ ಸಾಲಿನ ಮಕ್ಕಳು ಅದನ್ನು ಕುಣಿತದ ಭಾಗವೆಂದುಕೊಂಡು ತಾವೂ ಇಟ್ಟುಕೊಂಡರು. ಅವರ ಅಪ್ಪ ಅಮ್ಮಂದಿರೂ ಇಟ್ಟುಕೊಂಡರು. ಇಡೀ ಅಂಗಳ ತಲೆಯ ಮೇಲೆ ಕೈಹೊತ್ತು ತಾಳಕ್ಕೆ ತೂಗಾಡುತ್ತಿರುವಾಗ, ನೆಲಕ್ಕೆ ಬಿದ್ದವನ ಪಕ್ಕೆಗೆ, ಕುತ್ತಿಗೆಗೆ, ಮುಖಕ್ಕೆ ಬೂಟುಗಾಲುಗಳು ಬೀಳುತ್ತಿದ್ದವು. ಒಳಗಿನ ತಂತಿ ಮುರಿದು ಕಣ್ಣಿಗೆ ಹೊಕ್ಕಿತು. ಜಾಲರಿಯಿಂದ ರಕ್ತ ಇಳಿಯತೊಡಗಿದಾಗಲೂ ನನ್ನ ಹಿಂದೆ ಕೂತಿದ್ದ ಗೃಹಸ್ಥರು, "ಎಷ್ಟು ನಿಜ ಅನ್ನಿಸುತ್ತೆ ನೋಡಿ!" ಎಂದು ಹೆಂಡತಿಗೆ ತೋರಿಸುತ್ತಿದ್ದರು.

"ಅದು ನಮ್ಮಪ್ಪ! ಬಿಡ್ರೋ, ಅದು ನಮ್ಮಪ್ಪ!" ತಂಗಿಯ ಮಗಳು ಬೆಂಚು ಹತ್ತಿ ಕಿರುಚಿದಳು. ಒದೆಯುತ್ತಿದ್ದವನು ತಿರುಗಿ ನೋಡಿ, "ಓಹೋ, ಮರೀನೂ ಬಂತು!" ಎಂದ. ನನ್ನ ತಂಗಿ ಬೆಂಚುಗಳನ್ನು ದಾಟಿ ಹೋಗಿ ಅವನ ಜುಟ್ಟು ಹಿಡಿದು ನೆಲಕ್ಕೆ ಕೆಡವಿದಳು. ನಾನು ಕೈಗೆ ಸಿಕ್ಕ ಸ್ಟೀಲಿನ ಜಗ್ಗಿನಿಂದ ಇನ್ನೊಬ್ಬನ ಮಂಡಿಗೆ ಬೀಸಿದೆ. ಮುಚ್ಚಿಡುವುದಿಲ್ಲ ಮಾನ್ಯರೇ, ಆ ಮೂಳೆಯ ಸದ್ದು ನನಗೆ ಸಮಾಧಾನ ತಂದಿತು. ಭದ್ರತಾ ಸಿಬ್ಬಂದಿ ಆಗ ಓಡಿಬಂದರು. ಅವರು ಹಿಡಿದದ್ದು ನನ್ನನ್ನು. ವ್ಯವಸ್ಥಾಪಕರು ಬಂದು ಕೇಳಿದ ಮೊದಲ ಪ್ರಶ್ನೆ: "ಡ್ರೆಸ್ ಜಾಸ್ತಿ ಹರಿದಿದೆಯಾ?"

ಆಮೇಲೆ ನಿಮ್ಮ ಪರಿಶೀಲಕರು ಬಂದರು. ಬೆಂಕಿ ಆರಿಸುವ ಸಿಲಿಂಡರು ನೋಡಿದರು, ಲೋಟ ತೊಳೆಯುವ ನೀರು ನೋಡಿದರು, ತೃಪ್ತರಾದರು. ಕರಡಿಯ ಬಗ್ಗೆ ಕೇಳಿದ್ದಕ್ಕೆ, "ಅಮ್ಮಾ, ನಮ್ಮ ನಿಯಮದಲ್ಲಿ ಅದು ಅಲಂಕಾರ ಸಾಮಗ್ರಿಗೆ ಬರುತ್ತೆ. ಬಲೂನು, ಕಾಗದದ ಹೂವು ಇರುತ್ತಲ್ಲ, ಹಾಗೆ" ಎಂದರು. ಬಲೂನಿಗೆ ಪಕ್ಕೆಲುಬು ಇರುತ್ತದೆಯೇ? ಕಾಗದದ ಹೂವು ಕೆಮ್ಮಿದಾಗ ನೋವಿಗೆ ದಿಂಬು ಕಚ್ಚುತ್ತದೆಯೇ?

ಆಸ್ಪತ್ರೆಯಲ್ಲಿ ಅವನನ್ನು ಕೇಳಿದೆ: "ಕೂಗಬಾರದಿತ್ತೇನೋ?"

"ಮುಂದೆ ಮಕ್ಕಳು ಕೂತಿದ್ರಲ್ಲ ಅತ್ತಿಗೆ. ಕರಡಿ ಕೂಗಿದ್ರೆ ಹೆದರ್ಕೊಳ್ತಾವೆ."

"ಹೆದರ್ಕೊಳ್ಲಿ!" ಎಂದು ತಂಗಿ ಅವನ ಮೇಲೆ ಹರಿಹಾಯ್ದಳು. "ನಿಮ್ಮ ಮಗಳು ಹೆದರಲಿಲ್ವಾ? ಅವಳು ಮಗು ಅಲ್ವಾ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ವ್ಯವಸ್ಥಾಪಕರು ಹೇಳಿಕಳಿಸಿದ್ದಾರೆ: "ಹುಷಾರಾದ್ಮೇಲೆ ಬರಲಿ. ಆ ತಲೆ ಒಳಗೆ ಹೇಗೂ ಒಂದು ಕಣ್ಣು ಸಾಕು." ಅವನು ಹೋಗುತ್ತಾನೆ. ಆ ಕೆಲಸವೆಂದರೆ ಅವನಿಗೆ ಪ್ರಾಣ. ಬೇಡವೆಂದು ತಂಗಿ ಜಗಳವಾಡಿ ಸೋತಿದ್ದಾಳೆ.

ಆದ್ದರಿಂದ ಕೇಳುತ್ತಿದ್ದೇನೆ. ಬಾರು ಇರಲಿ, ಆದರೆ ವೇದಿಕೆಯಿಂದ ದೂರ, ಆ ಈಜುಕೊಳದಂತೆ ಗೋಡೆಯೊಳಗೆ ಇರಲಿ. ಜತೆಗಾರನನ್ನು ಯಾವ ನೂಕುನುಗ್ಗಲಿಗೂ ಕರಡಿಯ ಪಕ್ಕದಿಂದ ಕದಲಿಸಬಾರದೆಂದು ಷರತ್ತು ಹಾಕಿ. ಹೊಡೆತ ಬಿದ್ದರೆ ತಲೆ ಕಿತ್ತೆಸೆದು ಮನುಷ್ಯರಂತೆ ಅರಚಿಕೊಳ್ಳುವುದು ಕರಡಿಯ ಹಕ್ಕೆಂದು ಪರವಾನಗಿಯಲ್ಲೇ ಬರೆಯಿರಿ. ನಿಮ್ಮ ಅನುಮತಿಯಿಲ್ಲದೆ ಅವನು ಕೂಗುವವನಲ್ಲ. ಇದ್ಯಾವುದೂ ಆಗದು, ಬಂದ ಅರ್ಜಿಗೆ ಬಂದ ಹಾಗೇ ಸಹಿ ಹಾಕುತ್ತೇನೆ ಎನ್ನುವುದಾದರೆ ಹಾಕಿ. ಅಲ್ಲಿಂದ ಮುಂದೆ ಅವನ ಮೈಮೇಲೆ ಬೀಳುವ ಪ್ರತಿಯೊಂದು ಒದೆತವೂ ಸರ್ಕಾರದ ಪರವಾನಗಿ ಪಡೆದ ಒದೆತವಾಗಿರುತ್ತದೆ.

ಇಂತಿ,
ತಮ್ಮಲ್ಲಿ ವಿಶ್ವಾಸವುಳ್ಳವಳೆಂದು ಬರೆಯಲು ಕೈ ಬಾರದ,
ಅಲಂಕಾರ ಸಾಮಗ್ರಿಯೊಂದರ ಅತ್ತಿಗೆ