ಮೇಣದಲ್ಲಿ ಉಳಿದ ಚೂರು

ಬ್ರಹ್ಮಾವರ
೧೨-೮-೨೦೧೧

ವನಜಕ್ಕನಿಗೆ ಸ್ವಾತಿಯ ನಮಸ್ಕಾರ.

ಅಮ್ಮ ಹೋಗಿ ಆರು ವರ್ಷವಾದರೂ, ಅವಳ ಎದೆಯ ಗಂಟಿನಿಂದ ಪರೀಕ್ಷೆಗೆಂದು ತೆಗೆದ ಚೂರು, ಕೆಡದಂತೆ ಮೇಣದೊಳಗೆ ಹುದುಗಿಸಿದ್ದು, ಆಸ್ಪತ್ರೆಯಲ್ಲಿ ಹಾಗೇ ಇತ್ತು. ಮಗಳೆಂದು ಸಹಿ ಹಾಕಿ ತಂದು, ನಾನು ಕೆಲಸ ಮಾಡುವ ಪ್ರಯೋಗಾಲಯದ ಇನ್‌ಫ್ರಾರೆಡ್ ಯಂತ್ರದಲ್ಲಿ ಇಟ್ಟು ನೋಡಿದೆ; ಬೆಳಕು ಹಾಯಿಸಿ, ಚೂರಿನ ಗುಣವನ್ನು ಗೆರೆಯಾಗಿ ತೋರಿಸುವ ಯಂತ್ರ ಅದು. ಅಂದು ಆಸ್ಪತ್ರೆಯವರು ಕ್ಯಾನ್ಸರ್ ಅಲ್ಲ ಎಂದಿದ್ದರಲ್ಲ? ಪರದೆಯ ಮೇಲೆ ಮೂಡಿದ ಗೆರೆ ಕ್ಯಾನ್ಸರಿನದೇ. ಡಾಕ್ಟರೂ ಮತ್ತೆ ಪರೀಕ್ಷಿಸಿ ಹೌದೆಂದರು.

"ನೋವಿಲ್ಲೆ, ಎಂತ ಆತಿಲ್ಲೆ" ಎನ್ನುತ್ತಿದ್ದಳು ಅಮ್ಮ. ಮೊನ್ನೆ ಫೋನಿನಲ್ಲಿ ನಿನ್ನ ಎದೆಯಲ್ಲೂ ಆಗಿರುವ ಗಂಟಿನ ಬಗ್ಗೆ ಕೇಳಿದಾಗ ನೀನೂ ಅದನ್ನೇ ಅಂದೆ. ಮಾತಾಡುತ್ತಿರುವುದು ಯಾರೆಂದು ಒಂದು ಕ್ಷಣ ನನಗೆ ತಿಳಿಯಲಿಲ್ಲ.

ಬುಧವಾರ ಯಡ್ತರೆಯಿಂದ ಮೊದಲ ಬಸ್ಸಿಗೆ ಬಾ, ಡಾಕ್ಟರಿಗೆ ತೋರಿಸೋಣ. ನೀನು ಮಾರಲು ಹೊರುವ ಮೀನಿನ ಬುಟ್ಟಿ ಒಂದು ದಿನ ಮನೆಯಲ್ಲೇ ಇರಲಿ. ಅಪ್ಪಯ್ಯನಿಗೆ ನಾನು ಏನೂ ಹೇಳಿಲ್ಲ. ಎಲ್ಲಿಗೆಂದು ಕೇಳಿದರೆ, ಸ್ವಾತಿಗೆ ಹುಷಾರಿಲ್ಲ ಎನ್ನು.

ನಿನ್ನ ದಾರಿ ಕಾಯುವ ತಂಗಿ,
ಸ್ವಾತಿ