ಫ್ರೀಜರಿನಲ್ಲಿರುವುದು ನಿಕೋಟಿನ್, ತೊಟ್ಟಿಲಲ್ಲಿರುವುದು ನನ್ನ ಮಗಳು

ಮಾನ್ಯ ಮಕ್ಕಳ ರಕ್ಷಣಾಧಿಕಾರಿಗಳೇ,

ಈಗ ರಾತ್ರಿ ಗಂಟೆ ಎರಡೂಮುಕ್ಕಾಲು. ನನ್ನನ್ನು ಎಬ್ಬಿಸಿದ್ದು ಮಗುವಲ್ಲ. ಹೋಗಿದ್ದ ಕರೆಂಟು ಬಂದು, ಅಡುಗೆಮನೆಯ ಫ್ರೀಜರು ಒಮ್ಮೆ ಮೈ ನಡುಗಿಸಿಕೊಂಡು ಗುರುಗುಟ್ಟಲು ಶುರುಮಾಡಿದ ಸದ್ದು. ಆ ಫ್ರೀಜರಿನೊಳಗೆ ಇರುವ ವಸ್ತುವಿನ ಕಾರಣಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ನೀವು ನಮ್ಮ ಮನೆಗೆ ಬಂದು, ಹನ್ನೊಂದು ತಿಂಗಳ ನನ್ನ ಮಗಳು ಟೇಗನ್ ಇಲ್ಲಿರಬೇಕೋ ಬೇರೆಯವರ ಮನೆಯಲ್ಲಿರಬೇಕೋ ಎಂದು ತೀರ್ಮಾನಿಸುತ್ತೀರಂತೆ. ನಿನ್ನೆ ಸಂಜೆ ತಲುಪಿದ ನಿಮ್ಮ ಕಾಗದ ಹಾಗೆನ್ನುತ್ತದೆ. "ಮನೆಯಲ್ಲಿ ವಿಷ ತಯಾರಿಕೆ" ಎಂಬ ತಲೆಬರಹ. ಕೆಳಗೆ, "ಮಗುವಿನ ಎರಡು ಜೊತೆ ಬಟ್ಟೆ ಹಾಗೂ ಕ್ಲಿನಿಕ್ ಕಾರ್ಡ್ ಸಿದ್ಧವಾಗಿಡತಕ್ಕದ್ದು" ಎಂಬ ಸಾಲು. ಇದನ್ನು ಬರೆದವರಿಗೆ ಮಕ್ಕಳಿಲ್ಲವೇ, ಅಥವಾ ಇದ್ದೂ ನಿದ್ದೆ ಚೆನ್ನಾಗಿ ಬರುತ್ತದೆಯೇ, ತಿಳಿಯದು.

ನೇರವಾಗಿ ನಿಮಗೇ ಹೇಳೋಣವೆಂದು ಕಾಗದದಲ್ಲಿದ್ದ ಇಪ್ಪತ್ತನಾಲ್ಕು ಗಂಟೆಯ ಸಂಖ್ಯೆಗೆ ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೊಂದು ಸಲವೂ ಕಾಯಿಸುವವರಿಗೆ ಹಾಕುವ ಪಿಯಾನೋ ಕೇಳಿದೆ. ಆದ್ದರಿಂದ ಈ ಪತ್ರ ಬಹಿರಂಗವಾಗಿದೆ. ಒಂದು ಪ್ರತಿ ನಿಮ್ಮ ಕಚೇರಿಗೆ, ಒಂದು ನಮ್ಮ ಎಲ್ಸೀಸ್ ರಿವರ್ ಬಡಾವಣೆಯ ವಾರಪತ್ರಿಕೆಗೆ, ಒಂದು ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ. ನಿಮ್ಮ ಕಡತ ಶುರುವಾದದ್ದೂ ಆ ಗುಂಪಿನಿಂದಲೇ ತಾನೆ?

ನಿಮ್ಮ ಕೈಯಲ್ಲಿರುವುದು ಒಂದು ಫೋಟೋ. ಅದರಲ್ಲಿ ಕಾಣುವುದಕ್ಕಿಂತ ಹೆಚ್ಚಿನದನ್ನು ನಾನೇ ಒಪ್ಪಿಸುತ್ತೇನೆ, ಬರೆದುಕೊಳ್ಳಿ. ನಮ್ಮ ಫ್ರೀಜರಿನಲ್ಲಿ ಮೂವತ್ತು ಮಿಲಿಲೀಟರಿನ ಆರು ಕಂದು ಗಾಜಿನ ಬಾಟಲಿಗಳಿವೆ. ಆರರಲ್ಲೂ ಇರುವುದು ನಿಕೋಟಿನ್, ಅಂಗಡಿಯಲ್ಲಿ ಸಿಗುವ ವೇಪಿನ, ಅಂದರೆ ಇ-ಸಿಗರೇಟಿನ, ದ್ರವಕ್ಕಿಂತ ಹತ್ತಾರು ಪಟ್ಟು ತೀಕ್ಷ್ಣವಾದದ್ದು. ಗಾಳಿ ಉಳಿಯದಂತೆ ಕತ್ತಿನವರೆಗೆ ತುಂಬಿದ್ದೇನೆ. ಗಾಳಿ, ಬೆಳಕು, ಸೆಕೆ ಈ ಮೂರೂ ಅದಕ್ಕೆ ಆಗದು. ನೀರಿನಂತಿರುವುದು ಚಹಾದ ಬಣ್ಣಕ್ಕೆ ತಿರುಗುತ್ತದೆ, ಎಳೆದವನ ಗಂಟಲು ಮೆಣಸು ನುಂಗಿದಂತೆ ಉರಿಯುತ್ತದೆ. ತಣ್ಣಗೆ, ಕತ್ತಲಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಪ್ರತಿ ಬಾಟಲಿಗೂ ಹೆಸರು, ತೀಕ್ಷ್ಣತೆ, ತುಂಬಿದ ತಾರೀಕು, ಜೊತೆಗೆ ಕೆಂಪು ಶಾಯಿಯಲ್ಲಿ ತಲೆಬುರುಡೆ. ನಾನು ಗ್ರಂಥಾಲಯ ವಿಜ್ಞಾನ ಓದಿದವಳು. ಒಂದು ವಸ್ತುವಿಗೆ ಒಂದು ಚೀಟಿ, ಒಂದು ಜಾಗ: ನಾನು ಕಲಿತದ್ದು ಇಷ್ಟೇ. ಆರೂ ಬಾಟಲಿಗಳು ಉಕ್ಕಿನ ಪೆಟ್ಟಿಗೆಯಲ್ಲಿರುತ್ತವೆ, ಪೆಟ್ಟಿಗೆಗೆ ಬೀಗವಿದೆ, ಕೀಲಿ ನನ್ನ ಕೊರಳಲ್ಲಿದೆ. ಅದರಲ್ಲಿ ಒಂದು ಚಮಚ ಮಗುವಿನ ಹೊಟ್ಟೆ ಸೇರಿದರೆ ಏನಾಗುತ್ತದೆಂಬುದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ನಿಮಗೆ ಅದು ಒಂದು ಪ್ರಕರಣ, ನನಗೆ ಟೇಗನ್.

ಹಾಗಿದ್ದ ಮೇಲೆ ಮನೆಯಲ್ಲೇಕೆ ಇಟ್ಟಿರಿ ಎಂದು ಕೇಳುತ್ತೀರಿ. ಕೇಳಲೇಬೇಕು. ಆದರೆ ಉತ್ತರ ಕೇಳುವ ಮೊದಲೇ ಬಟ್ಟೆ ಕಟ್ಟಿಡಲು ಹೇಳಿದಿರಲ್ಲ, ಅದು ಯಾವ ಊರಿನ ನ್ಯಾಯ?

ನನ್ನ ಗಂಡ ರಾಂಡಾಲ್ ಬಂದರಿನ ಮೀನಿನ ಶೀತಲ ಗೋದಾಮಿನಲ್ಲಿ ರಾತ್ರಿ ಪಾಳಿಯವನು. ಹದಿನಾಲ್ಕನೆಯ ವಯಸ್ಸಿನಿಂದ ಸಿಗರೇಟು. ನಾನು ಮದುವೆಯಾಗುವಾಗ ದಿನಕ್ಕೆ ಮೂವತ್ತು. ಅವನ ಅಪ್ಪ ಐವತ್ತೆರಡಕ್ಕೆ ಕೆಮ್ಮಿ ಕೆಮ್ಮಿ ಹೋದರು. ಮಣ್ಣು ಮಾಡಿ ಬಂದ ಸಂಜೆ ನಾಲ್ವರು ಗಂಡುಮಕ್ಕಳೂ ಗೇಟಿನ ಹತ್ತಿರ ನಿಂತು ಸೇದಿದರು; ಅದು ದುಃಖದ ಸಿಗರೇಟು, ಯಾರೂ ಬೇಡವೆನ್ನಲಿಲ್ಲ. ಟೇಗನ್ ಹುಟ್ಟಿದ ಮೂರನೆಯ ತಿಂಗಳು ಎದೆ ಕಟ್ಟಿ, ಪಕ್ಕೆಲುಬು ಒಳಸೇದಿ, ನಾಲ್ಕು ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆಯಲ್ಲಿದ್ದಳು. ಅಲ್ಲಿನ ನರ್ಸಮ್ಮ ರಾಂಡಾಲನ ಜಾಕೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ, "ಅಪ್ಪಾ, ಮನೆ ಹೊರಗೆ ನಿಂತು ಸೇದ್ತೀನಿ ಅಂತೀಯ, ಸರಿ. ಈ ಜಾಕೆಟ್ಟಲ್ಲೇ ಅಲ್ವಾ ಮಗೂನ ಎತ್ಕೊಳ್ಳೋದು?" ಎಂದರು. ಅವನು ಜಾಕೆಟ್ಟನ್ನು ಹೊರಗಿಟ್ಟು ಬಂದ. ಆ ವಾರವೇ ಸಿಗರೇಟು ಬಿಟ್ಟು ವೇಪ್ ಹಿಡಿದ.

ವೇಪ್ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಅವನೂ ವಾದಿಸುವುದಿಲ್ಲ. ಅವನು ಅದನ್ನು ಹಿತ್ತಲಲ್ಲಿ ಎಳೆದು, ಅಂಗಿ ಬದಲಿಸಿ, ಕೈ ತೊಳೆದು ಒಳಗೆ ಬರುತ್ತಾನೆ. ತೊಂದರೆ ಬೇರೆ. ನಾವು ಹೋಗುವ ಅಂಗಡಿಯಲ್ಲಿ ಮಿಲಿಲೀಟರಿಗೆ ಹನ್ನೆರಡು ಮಿಲಿಗ್ರಾಂ ನಿಕೋಟಿನ್ ಇರುವ ದ್ರವ, ಆರರದ್ದು, ಮೂರರದ್ದು ಸಿಗುತ್ತದೆ. ಮೂರಾದ ಮೇಲೆ ಸೊನ್ನೆ. ಮೂರರಿಂದ ಸೊನ್ನೆಗೆ ಅವನು ಎರಡು ಸಲ ಹಾರಿದ. ಎರಡು ಸಲವೂ ಐದನೆಯ ದಿನ ಮೂಲೆ ಅಂಗಡಿಯಲ್ಲಿ ಬಿಡಿ ಸಿಗರೇಟು ಕೊಂಡ. ಮಹಡಿ ಇಳಿಯುವವನಿಗೆ ಕೊನೆಯ ಆರು ಮೆಟ್ಟಿಲು ಕಿತ್ತುಹಾಕಿ, ಹಾರು ಅಂದಂತೆ. ಆ ಮೆಟ್ಟಿಲುಗಳನ್ನು ನಾನು ಮನೆಯಲ್ಲಿ ಕಟ್ಟುತ್ತಿದ್ದೇನೆ. ನೀವದನ್ನು ವಿಷ ತಯಾರಿಕೆ ಎಂದು ಕರೆದಿದ್ದೀರಿ.

ತಯಾರಿಕೆ ಹೇಗೆ ನಡೆಯುತ್ತದೆಂದು ಕೇಳಿ. ತಿಂಗಳಿಗೊಂದು ಭಾನುವಾರ, ಟೇಗನ್ ಅಜ್ಜಿಯ ಜೊತೆ ಚರ್ಚಿಗೆ ಹೋದಾಗ ಮಾತ್ರ. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಕೈಗವಸು, ಕನ್ನಡಕ ಹಾಕುತ್ತೇನೆ. ಗುಳಿಗೆ ತೂಗುವಂಥ ಪುಟ್ಟ ತಕ್ಕಡಿ. ಗ್ಲಿಸರಿನ್, ಪೇರಲೆಹಣ್ಣಿನ ಸುವಾಸನೆ, ಕೊನೆಗೆ ನಿಕೋಟಿನ್. ರಾಂಡಾಲ್ ಪಕ್ಕದಲ್ಲಿ ನಿಂತು ಅಂಕಿ ಓದುತ್ತಾನೆ, ನಾನು ಪುಸ್ತಕದಲ್ಲಿ ಬರೆಯುತ್ತೇನೆ. ಫೆಬ್ರುವರಿಯಲ್ಲಿ ಮೂರು. ಏಪ್ರಿಲ್‌ನಲ್ಲಿ ಎರಡೂವರೆ. ಈ ಜುಲೈನಲ್ಲಿ ಎರಡು. ಹೋದ ಸಲ ಅವನು, "ಸುಮ್ನೆ ಒಂದು ಹನಿ ಜಾಸ್ತಿ ಬಿಡೇ, ಯಾರಿಗ್ ಗೊತ್ತಾಗತ್ತೆ," ಎಂದ. "ತಕ್ಕಡಿಗೆ ಗೊತ್ತಾಗತ್ತೆ," ಎಂದೆ. "ಲೈಬ್ರರಿಯವಳನ್ನ ಮದುವೆ ಆಗಬೇಡ ಅಂತ ಅಮ್ಮ ಬಡ್ಕೊಂಡ್ಳು," ಅಂದುಕೊಂಡು ಪಾತ್ರೆ ತೊಳೆಯಲು ಹೋದ. ಮುಂದಿನ ವರ್ಷ ಟೇಗನ್ ಎರಡು ತುಂಬುವ ಹೊತ್ತಿಗೆ ಸೊನ್ನೆ ಎಂದು ಬರೆದಿಟ್ಟಿದ್ದೇವೆ. ನಿಮ್ಮ ಕಚೇರಿಯ ಯಾವ ಯೋಜನೆಗಾದರೂ ಇಷ್ಟು ಸ್ಪಷ್ಟವಾದ ಗಡುವು ಇದೆಯೇ?

ಇನ್ನು ನನ್ನ ತಪ್ಪು. ತಪ್ಪು ನಡೆದಿದೆ, ಮುಚ್ಚಿಡುವುದಿಲ್ಲ.

ನಮ್ಮ ಬೀದಿಯ ಎಡಸಾಲಿಗೆ ಒಂದು ಲೈನಿನ ಕರೆಂಟು, ಬಲಸಾಲಿಗೆ ಇನ್ನೊಂದು. ಎಡಕ್ಕೆ ಹೋದಾಗ ಬಲಕ್ಕೆ ಇರುತ್ತದೆ. ದಿನಕ್ಕೆ ಎರಡು ಗಂಟೆ ಹೋದರೆ ಬಾಗಿಲು ತೆರೆಯದೆ ಸಹಿಸುತ್ತೇವೆ. ದೀರ್ಘವಾಗಿ ಹೋದರೆ ಫ್ರೀಜರಿನಲ್ಲಿದ್ದದ್ದೆಲ್ಲ ರಸ್ತೆ ದಾಟುತ್ತದೆ. ಯಾರ ಮಾಂಸ ಯಾರ ಫ್ರೀಜರಿನಲ್ಲಿದೆ ಎಂದು ಬಾಯಲ್ಲೇ ಲೆಕ್ಕ. ಎಲ್ಲರದೂ ಎರಡು ಲೀಟರಿನ ಐಸ್‌ಕ್ರೀಂ ಡಬ್ಬಗಳೇ, ಒಳಗೆ ಐಸ್‌ಕ್ರೀಂ ಬಿಟ್ಟು ಉಳಿದದ್ದೆಲ್ಲ. ಮೂರು ವಾರದ ಹಿಂದೆ ಕೇಬಲ್ ಕಳುವಾಗಿ ನಮ್ಮ ಸಾಲಿಗೆ ಎರಡು ದಿನ ಕರೆಂಟಿಲ್ಲ. ನನ್ನದೆಲ್ಲ ಎದುರುಮನೆಯ ಆಂಟಿ ಮೊಯ್ರಾರ ಫ್ರೀಜರಿಗೆ ಹೋಗಬೇಕಿತ್ತು: ಕುರಿಮಾಂಸ, ಬಟಾಣಿ, ಗೋದಾಮಿನಿಂದ ರಾಂಡಾಲ್ ತಂದ ಮೀನು, ನಾನು ಕೆಲಸಕ್ಕೆ ಹೋಗುವ ದಿನಗಳಿಗೆಂದು ಹಿಂಡಿಟ್ಟ ಎದೆಹಾಲಿನ ಚೀಲಗಳು. ಮತ್ತು ಬೀಗದ ಪೆಟ್ಟಿಗೆ.

ಎರಡು ದಿನದಲ್ಲಿ ನಿಕೋಟಿನ್ ಕೆಡುತ್ತಿರಲಿಲ್ಲ. ಪೆಟ್ಟಿಗೆಯನ್ನು ಅಲ್ಲೇ ಬಿಡಬಹುದಿತ್ತೆಂದು ಈಗ ಗೊತ್ತಿದೆ, ಆಗ ಗಾಬರಿ. ಇನ್ನೊಂದು ಸಂಗತಿ ನಿಮಗೆ ಅರ್ಥವಾಗಲಿಕ್ಕಿಲ್ಲ, ನೀವು ಇಂಥ ಬೀದಿಯಲ್ಲಿ ಬಾಳಿದವರಲ್ಲ. ನಮ್ಮಲ್ಲಿ ಒಬ್ಬರ ಫ್ರೀಜರಿನಲ್ಲಿ ಬೀಗ ಹಾಕಿದ ಪೆಟ್ಟಿಗೆ ಇಡುವುದೆಂದರೆ ಅವರ ಮುಖಕ್ಕೆ ಉಗಿದಂತೆ. ನೀವು ಕದಿಯುತ್ತೀರಿ ಎಂದು ಬಾಯಿಬಿಟ್ಟು ಹೇಳದೆಯೂ ಹೇಳಿದಂತೆ. ನನ್ನ ಬಾಣಂತನದಲ್ಲಿ ನಲವತ್ತು ದಿನ ಸೂಪು ತಂದವರು ಆಂಟಿ ಮೊಯ್ರಾ. ಅವರಿಗೆ ಬೀಗ ತೋರಿಸಲು ನನ್ನ ಕೈ ಏಳಲಿಲ್ಲ. ಬಾಟಲಿಗಳನ್ನು ತೆಗೆದು ಐಸ್‌ಕ್ರೀಂ ಡಬ್ಬಕ್ಕೆ ಹಾಕಿದೆ. ಮುಚ್ಚಳಕ್ಕೆ ನಾಲ್ಕು ಸುತ್ತು ಟೇಪು ಬಿಗಿದು, "ತೆರೆಯಬೇಡಿ, ವಿಷ" ಎಂದು ಬರೆದ ಚೀಟಿ ಅಂಟಿಸಿದೆ. ವಿಷವೆಂಬ ಪದ ನನ್ನದೇ, ನಿಮ್ಮ ಕಚೇರಿ ಕಂಡುಹಿಡಿದದ್ದಲ್ಲ.

"ಇದೇನೇ ಹುಡುಗಿ, ನಿನ್ ಅತ್ತೇನ ಹಾಕಿ ಕಟ್ಟಿದೀಯಾ ಇದ್ರಲ್ಲಿ?" ಎಂದರು ಆಂಟಿ.

"ರಾಂಡಾಲಂದು ಆಂಟಿ, ವೇಪಿನ ಔಷಧಿ. ದಯವಿಟ್ಟು ಅಡೀಲಿಡಿ. ಯಾರೂ ಮುಟ್ಟೋದು ಬೇಡ."

"ನನ್ ಮೀನಿನ ತಲೆ ಕೆಳಗಿಡ್ತೀನಿ. ಆ ವಾಸನೆಗೆ ದೆವ್ವಾನೂ ಬರಲ್ಲ."

ಚಳಿಗೆ ಟೇಪಿನ ಅಂಟು ಬಿಟ್ಟಿತು, ಚೀಟಿ ಉದುರಿತು. ಮಾರನೆಯ ದಿನ ಆಂಟಿಯ ಸೊಸೆ ಬಂದವಳು ಊಟದ ನಂತರ ಐಸ್‌ಕ್ರೀಂ ಹುಡುಕಿ ಡಬ್ಬ ತೆರೆದಳು. ತಲೆಬುರುಡೆಯ ಬಾಟಲಿಗಳು, ಪಕ್ಕದಲ್ಲೇ ಎದೆಹಾಲು. ಫೋಟೋ ತೆಗೆದು ಬೀದಿಯ ಗುಂಪಿಗೆ ಹಾಕಿದಳು. ಅಲ್ಲಿಂದ ಯಾರೋ ಪುಣ್ಯಾತ್ಮರು ನಿಮಗೆ ತಲುಪಿಸಿದರು. ಒಂದು ಬಾಟಲಿಯ ಮುಚ್ಚಳವೂ ಸಡಿಲವಾಗಿರಲಿಲ್ಲ, ಯಾರ ಬೆರಳಿಗೂ ಹನಿ ತಾಗಲಿಲ್ಲ. ಆದರೆ ಆ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ. ಡಬ್ಬ ತೆರೆದದ್ದು ಅವಳಾಗಿದ್ದರೆ? ಮೂರು ವಾರದಿಂದ ನನಗೆ ನಿದ್ದೆಯಿಲ್ಲದಿರುವುದು ನಿಮ್ಮ ಭಯದಿಂದಲ್ಲ, ಈ ಪ್ರಶ್ನೆಯಿಂದ. ಮುಲಾಜಿಗೆ ಬಿದ್ದು ಬೀಗ ತೆಗೆದೆ. ಅದಕ್ಕೆ ಶಿಕ್ಷೆಯಿದ್ದರೆ ನನಗೆ ಕೊಡಿ, ದಂಡವಿದ್ದರೆ ಹಾಕಿ.

ಅದೇ ಸಂಜೆ ಅವರ ಅಡುಗೆಮನೆಯಲ್ಲಿ ನಿಂತು ಕ್ಷಮೆ ಕೇಳಿದೆ. ಆಂಟಿ ಕುರ್ಚಿ ಎಳೆದು ಕೂರಿಸಿದರು. "ಬೀಗ ಹಾಕಿ ತಂದಿದ್ರೆ ಒಂದಿನ ಬೈತಿದ್ದೆ. ಒಂದಿನಾನೇ. ಸಾಯೋ ಸಾಮಾನನ್ನ ನನ್ ಮರ್ಯಾದೆಗೋಸ್ಕರ ಬಿಚ್ಚಿ ತಂದ್ಯಲ್ಲೇ, ಓದಿದ್ದೆಲ್ಲಾ ಎಲ್ಲಿಗೋಯ್ತು?" ಎಂದರು. ಈಗ ಪೆಟ್ಟಿಗೆ ರಸ್ತೆ ದಾಟುವುದಿಲ್ಲ. ಕರೆಂಟು ಎಷ್ಟೇ ದಿನ ಹೋಗಲಿ, ಬೀಗ ಸಮೇತ ಇದ್ದಲ್ಲೇ ಇರುತ್ತದೆ. ಹಾಲು ಮೇಲಿನ ಅರೆಗೆ, ಪೆಟ್ಟಿಗೆ ಪ್ರತ್ಯೇಕವಾಗಿ ಕೆಳಗಿನ ಅರೆಗೆ. ನೀವು ಬಂದು ತಿದ್ದಬೇಕಾದದ್ದನ್ನು ಒಬ್ಬ ಮುದುಕಿ ಕುರ್ಚಿ ಎಳೆದು ತಿದ್ದಿ ಮುಗಿಸಿದ್ದಾರೆ.

ಈಗ ನನ್ನ ಪ್ರಶ್ನೆ. ನಮ್ಮ ಮೂಲೆ ಅಂಗಡಿಯಲ್ಲಿ ಮಿಠಾಯಿ ಜಾಡಿಯ ಪಕ್ಕ ಸಿಗರೇಟನ್ನು ಒಂದೊಂದಾಗಿ ಮಾರುತ್ತಾರೆ. ಶಾಲೆಯ ಸಮವಸ್ತ್ರದಲ್ಲೇ ನಿಂತು ಕೊಳ್ಳುವವರನ್ನು ನಾನು ಕಂಡಿದ್ದೇನೆ. ರಾಂಡಾಲ್ ಇದೇ ಮನೆಯಲ್ಲಿದ್ದುಕೊಂಡು ದಿನಕ್ಕೆ ಮೂವತ್ತು ಸೇದುತ್ತಿದ್ದಾಗ, ಮಗು ಕೊಳವೆಯಲ್ಲಿ ಉಸಿರಾಡುತ್ತಿದ್ದಾಗ, ನಿಮ್ಮ ಕಚೇರಿಯಿಂದ ಒಂದು ಚೀಟಿ ಬಂದಿತೇ? ಅವನು ಸೇದುವಾಗ ನಮ್ಮದು ಸಭ್ಯ ಸಂಸಾರ. ಬಿಡಲು ಹೊರಟ ಮೇಲೆ ವಿಷದ ಕಾರ್ಖಾನೆ. ಹೋಗಲಿ, ನಾಳೆಯೇ ಆರೂ ಬಾಟಲಿಗಳನ್ನು ನಿಮ್ಮ ಮೇಜಿನ ಮೇಲೆ ತಂದಿಡುತ್ತೇನೆ ಅನ್ನಿ. ಐದನೆಯ ದಿನ ಅವನು ಮೂಲೆ ಅಂಗಡಿಯಲ್ಲಿರುತ್ತಾನೆ. ಆರನೆಯ ದಿನದಿಂದ ಅವಳ ಎದೆಯನ್ನು ಕಾಯುವವರು ಯಾರು, ನೀವೋ, ನಿಮ್ಮ ಪಿಯಾನೋವೋ?

ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಫೋಟೋ ನೋಡಿ ತೀರ್ಮಾನಿಸಿದ್ದನ್ನು ಪಕ್ಕಕ್ಕಿಟ್ಟು ಬನ್ನಿ. ಬೀಗ ಎಳೆದು ನೋಡಿ. ಫೆಬ್ರುವರಿಯಿಂದ ಪುಸ್ತಕ ಓದಿ. ಟೇಗನ್‌ಳ ಎದೆಗೆ ಕಿವಿಯಿಟ್ಟು ಕೇಳಿ. ಆ ಬಳಿಕ "ವಿಷ ತಯಾರಿಕೆ" ಎಂಬ ತಲೆಬರಹವನ್ನು ನಿಮ್ಮ ಕೈಯಾರೆ ಹೊಡೆದುಹಾಕಿ. ಏನೂ ನೋಡದೆ ಮಗುವನ್ನು ಎತ್ತಿಕೊಳ್ಳಲು ಬರುವುದಾದರೆ ನಾನು ಬಾಗಿಲಲ್ಲಿ ನಿಂತಿರುತ್ತೇನೆ. ರಸ್ತೆಯ ಎರಡೂ ಸಾಲಿನವರು ನನ್ನ ಹಿಂದೆ ನಿಂತಿರುತ್ತಾರೆ, ಫೋಟೋ ತೆಗೆದವಳೂ ಸೇರಿ. ಅವಳು ನಿನ್ನೆ ಬಂದು ಅತ್ತು ಹೋದಳು.

ಇಷ್ಟೆಲ್ಲ ಜೋರು ಮಾಡಿದ ಮೇಲೆ ಒಂದು ಮಾತು ಮೆಲ್ಲಗೆ ಹೇಳಬೇಕಿದೆ. ನಿಮ್ಮ ಕಾಗದ ಬಂದಿರುವುದು ರಾಂಡಾಲನಿಗೆ ಗೊತ್ತಿಲ್ಲ. ಅವನು ಪಾಳಿಗೆ ಹೊರಟ ಅರ್ಧ ಗಂಟೆಗೆ ಬಂತು, ನಾನು ಫೋನಿನಲ್ಲಿ ಹೇಳಲಿಲ್ಲ; ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಅವನಿಲ್ಲ. ಫೋಟೋ ಗುಂಪಿನಲ್ಲಿ ಓಡಾಡಿದ ದಿನವೇ ಅವನು, "ನನ್ನಿಂದ ಮಗೂಗೆ ಏನಾದ್ರೂ ಆಗೋ ಹಾಗಿದ್ರೆ ನಾನೇ ಮನೆ ಬಿಟ್ ಹೋಗ್ತೀನಿ, ಶೆರಾಲ್ಡೀನ್. ಹಿಂದೆ ಕರೀಬೇಡ," ಎಂದಿದ್ದ. ಅವನು ಹೇಳಿದ್ದನ್ನು ಮಾಡುವವನು. ಸಿಗರೇಟು ಬಿಟ್ಟದ್ದೂ ಹಾಗೆಯೇ. ಆರು ಗಂಟೆಗೆ ಬರುತ್ತಾನೆ. ಕಾಗದ ಓದಿದರೆ ಒಂಬತ್ತರವರೆಗೆ ಕಾಯುವುದಿಲ್ಲ. ನೀವು ಬರುವ ಹೊತ್ತಿಗೆ ಈ ಮನೆಯಲ್ಲಿ ಒಬ್ಬರು ಕಡಿಮೆಯಾಗಿರುತ್ತಾರೆ, ನಿಮ್ಮ ಆದೇಶವೇ ಇಲ್ಲದೆ.

ಆದ್ದರಿಂದ, ಮಾನ್ಯರೇ, ಕೈ ಮುಗಿಯುತ್ತೇನೆ. ನಿಮ್ಮ ಕಚೇರಿಯಲ್ಲಿ ಈ ಹೊತ್ತಿನಲ್ಲಿ ಯಾರಾದರೂ ಎಚ್ಚರವಾಗಿದ್ದರೆ, ಪಾರುಪತ್ಯದವರಾಗಲಿ, ಕಾವಲಿನವರಾಗಲಿ, ಆರರೊಳಗೆ ಒಂದು ಫೋನ್ ಮಾಡಿ. "ನೋಡುವುದಕ್ಕೆ ಬರುತ್ತೇವೆ, ಒಯ್ಯುವುದಕ್ಕಲ್ಲ" ಎಂಬ ಒಂದೇ ಮಾತು ಸಾಕು. ಬೈಯಬೇಕಿದ್ದರೆ ಬೈದೇ ಹೇಳಿ, ಕೇಳಿಸಿಕೊಳ್ಳುತ್ತೇನೆ. ಬೆಳಕಾಗುವ ಮೊದಲು ಫೋನ್ ಮಾಡಿ.

ಇಂತಿ,
ಫೋನನ್ನು ಕೈಯಲ್ಲೇ ಹಿಡಿದು ಕೂತಿರುವ, ನಿಮ್ಮ ಕಡತದ ಎರಡನೆಯ ಆರೋಪಿ ಹಾಗೂ ಟೇಗನ್‌ಳ ಒಬ್ಬಳೇ ತಾಯಿ,
ಶೆರಾಲ್ಡೀನ್ ಯಾಫ್ತಾ
ಸಾಲ್ವಿಯಾ ಬೀದಿ, ಎಡಸಾಲು, ಎಲ್ಸೀಸ್ ರಿವರ್, ಕೇಪ್ ಟೌನ್